ಯಂತ್ರಕ್ಕೆ ಸೆರಗಿಲ್ಲ

ಮೊನ್ನೆ ಕೊಪ್ಪಳದ ಒಂದು ಸ್ಕ್ಯಾನಿಂಗ್ ಸೆಂಟರಿನ ವರಾಂಡದಲ್ಲಿ ಕೂತಿದ್ದೆ. ಎರಡು ತಿಂಗಳಿಂದ ಕೆಮ್ಮು ಬಿಡುತ್ತಿಲ್ಲ, ಎದೆಯೊಳಗೆ ಏನಿದೆ ನೋಡಿಸಿಕೊಂಡು ಬಾ ಅಂದಿದ್ದರು ಡಾಕ್ಟರು. ಬೇಸಿಗೆಯ ಬಿಸಿಲು, ಮೇಲಿನ ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಹೆಚ್ಚು. ಸಾಲದ್ದಕ್ಕೆ ಒಳಗಿನ ಏಸಿ ತನ್ನ ಬಿಸಿ ಉಸಿರನ್ನೆಲ್ಲ ನಾವು ಕೂತ ಕಡೆಗೇ ಊದುತ್ತಿತ್ತು. ಎದುರಿನ ಗಾಜಿನ ಬಾಗಿಲು ತೆರೆದಾಗೊಮ್ಮೆ ತಣ್ಣನೆಯ ಗಾಳಿ, ಅದರ ಜೊತೆ ಕಾದ ವಯರಿನ ವಾಸನೆ. ಬಾಗಿಲ ಮೇಲೆ ಬರೆದಿತ್ತು: 'ಚಪ್ಪಲಿ ಹೊರಗೆ ಬಿಡಿ. ಧೂಳು ತರಬೇಡಿ. ಒಳಗೆ ಯಂತ್ರವಿದೆ.'

ಆ ವಾಸನೆ ನನಗೆ ಗೊತ್ತು. ಆ ಬೋರ್ಡೂ ಗೊತ್ತು, ಅಂಥದೊಂದನ್ನು ಕೈಯಾರೆ ಬರೆದವನು ನಾನು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಭಾಳ ಬೇಗ ಬರುತ್ತದೆ. "ಮೂಗಿನ ತುದ್ಯಾಗ ಇಟ್ಕೊಂಡ ತಿರಗತೀರಿ" ಅನ್ನುತ್ತಾಳೆ ಹೆಂಡತಿ. ಆದರೆ ಇದು ಮೂಗಿನ ತುದಿಯದ್ದಲ್ಲ. ಹೊಟ್ಟೆಯೊಳಗೆ ಎಷ್ಟೋ ವರ್ಷದಿಂದ ಕೂತದ್ದು.

ಐಟಿಐ ಮುಗಿಸಿ ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೆ ಎಲೆಕ್ಟ್ರಿಷಿಯನ್ ಅಂತ ನಾನು ಸೇರಿದ್ದು ತೊಂಬತ್ತೇಳರಲ್ಲಿ. ಸೇರಿದೆ ಅಂದರೆ ಸುಳ್ಳು, ಸೇರಿಸಿದವಳು ನನ್ನ ಚಿಗವ್ವ ದುರುಗವ್ವ, ಅವ್ವನ ತಂಗಿ. ಹೇಮಗುಡ್ಡದ ಕಡೆಯವಳು. ಅದೇ ಮಿಲ್ಲಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಾಹುಕಾರರ ಮುಂದೆ ನಿಂತು, "ನಮ್ಮ ಹುಡುಗಗ ಆ ಕೆಲಸ ಬರ್ತೈತ್ರಿ, ಹಚ್ಚಿ ನೋಡ್ರಿ" ಅಂದಳು. ನನಗೆ ಆಗ ಫ್ಯೂಜು ಹಾಕುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು.

ಮಿಲ್ಲಿನ ಷೆಡ್ಡಿನಲ್ಲಿ ಮೂವತ್ತು ಹೆಂಗಸರು ಮೊರ ಹಿಡಿದು ಸಾಲಾಗಿ ಕೂರುತ್ತಿದ್ದರು. ಕೈ ಕಪ್ಪು ಕಾಳು, ಹಳದಿ ಕಾಳು, ಹರಳು ತೆಗೆಯುತ್ತಿದ್ದರೆ ಬಾಯಿ ಊರವರ ಸೊಸೆಯಂದಿರನ್ನು ಆರಿಸುತ್ತಿತ್ತು. ನನ್ನನ್ನೂ ಬಿಡುತ್ತಿರಲಿಲ್ಲ. "ಕರೆಂಟಪ್ಪ ಬಂದ, ಸೆರಗು ಸರಿ ಮಾಡ್ಕೋರಿ, ಶಾಕ್ ಹೊಡದೀತು" ಅನ್ನುವರು. ಚಿಗವ್ವ ಒಂದು ಕಾಳು ಬಾಯಿಗೆ ಹಾಕಿಕೊಂಡು ಇದು ನವಲಿ ಕಡೆಯ ಭತ್ತ, ಇದು ಕಾಲುವೆಯ ಕೊನೆಯ ಭತ್ತ ಅಂತ ಹೇಳುವಳು. ಧೂಳು ಮಾತ್ರ ವಿಪರೀತ. ಸಂಜೆ ಎದ್ದಾಗ ರೆಪ್ಪೆಯೂ ಬೆಳ್ಳಗೆ. ಎಲ್ಲರೂ ಕೆಮ್ಮುತ್ತಿದ್ದರು. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅಂತ ಅವರ ನಂಬಿಕೆ. ಹೋಗುವಾಗ ಚಿಗವ್ವ ಸೊಂಟದ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಕೈಗಿಡದೆ ಹೋದ ದಿನವಿಲ್ಲ.

ಕೆಲವು ವರ್ಷದ ಮೇಲೆ ಯಂತ್ರ ಬಂತು. ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರ. ಅಕ್ಕಿ ಮೇಲಿನಿಂದ ಜಾರಿ ಬರುವಾಗ ಒಳಗಿನ ಕ್ಯಾಮೆರಾ ಕೆಟ್ಟ ಕಾಳನ್ನು ಕಂಡು, ಗಾಳಿಯಿಂದ ಫಟ್ ಅಂತ ಆಚೆಗೆ ಊದುತ್ತದೆ. ಜೊತೆಗೆ ಬಂದ ಇಂಜಿನಿಯರು ಮೊದಲ ದಿನವೇ ಹೇಳಿದ, "ಇದಕ್ಕೆ ಧೂಳು ಆಗೋದಿಲ್ಲ, ಸೆಕೆ ಆಗೋದಿಲ್ಲ." ಒಂದೇ ವಾರದಲ್ಲಿ ಗಾಜಿನ ಕೋಣೆ ಎದ್ದಿತು, ಎರಡೆರಡು ಬಾಗಿಲು, ಏಸಿ, ಬಾಗಿಲಿಗೆ 'ಧೂಳು ತರಬೇಡಿ' ಅಂತ ನಾನೇ ಬರೆದ ಬೋರ್ಡು. ಸಾಹುಕಾರರ ಮನೆಯಲ್ಲೇ ಆಗ ಏಸಿ ಇರಲಿಲ್ಲ. ಆ ಕೋಣೆಗೆ ನಾನು ಆಪರೇಟರ್. ಗಂಗಾವತಿಯ ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ತಿರುಗಿದ ಏಕೈಕ ಮನುಷ್ಯ ನಾನೇ ಇರಬೇಕು. ಚಹಾದ ಅಂಗಡಿಗೂ ಅದನ್ನು ಬಿಚ್ಚದೆ ಹೋಗುತ್ತಿದ್ದೆ. ಅಷ್ಟು ಸೊಕ್ಕು.

ಯಂತ್ರಕ್ಕೆ ಕಲಿಸಬೇಕು, ಒಳ್ಳೆಯ ಕಾಳು ಕೆಟ್ಟ ಕಾಳು ಬೇರೆ ಮಾಡಿ ತೋರಿಸಿ ಅಂದ ಇಂಜಿನಿಯರು. ಚಿಗವ್ವನನ್ನು ಕರೆದೆವು. ಎರಡು ದಿನ ಹೊರಗೆ ಕೂತು ಆರಿಸಿ ಆರಿಸಿ ಕೊಟ್ಟಳು. ಇದು ಹೊಟ್ಟಿ ಬೆಳ್ಳಗಿನದು, ಇದು ತುದಿ ಸುಟ್ಟದ್ದು. ಮೊದಮೊದಲು ಯಂತ್ರ ಒಳ್ಳೆಯದನ್ನೂ ಊದಿಬಿಡುತ್ತಿತ್ತು. ಇಂಜಿನಿಯರು ಬೈದುಕೊಂಡರೆ, "ಪಾಪ, ಹೊಸಾದು, ಕಲೀತೈತಿ ತಗೋರಿ" ಅಂತ ಅದರ ಪರ ವಹಿಸಿದಳು.

ಅದು ಕಲಿಯಿತು. ಇಪ್ಪತ್ತನಾಲ್ಕು ಹೆಂಗಸರಿಗೆ ಸೋಮವಾರದಿಂದ ಬರಬೇಡಿ ಅಂದರು. ಉಳಿದ ಆರು ಜನರನ್ನು ತೌಡು ತುಂಬುವುದಕ್ಕೆ ಹಚ್ಚಿದರು, ಅದರಲ್ಲಿ ಚಿಗವ್ವನೂ ಒಬ್ಬಳು. ಅಕ್ಕಿಯ ಧೂಳಿಗಿಂತ ತೌಡಿನ ಧೂಳು ಕೆಟ್ಟದ್ದು. ಇನ್ನೊಂದು ಮಾತು ಹೇಳಬೇಕು. ಯಂತ್ರದ ಧೂಳು ಎಳೆದು ಹೊರಗೆ ಹಾಕುವ ಪೈಪೊಂದು ಇತ್ತು. ಅದರ ಬಾಯಿ ಈ ಆರು ಜನ ಕೂತು ತುಂಬುವ ತೌಡಿನ ಕಟ್ಟೆಯ ಕಡೆಗೇ ಇತ್ತು. ಆ ಪೈಪು ಕೂರಿಸಿದವನು ನಾನು. ಆ ಕಡೆ ಗೋಡೆ ಹತ್ತಿರ ಇತ್ತು, ಕೆಲಸ ಬೇಗ ಮುಗಿಯಿತು, ಅಷ್ಟೇ ಕಾರಣ.

ಚಿಗವ್ವನ ಕೆಮ್ಮು ಜೋರಾದಾಗ ಧೈರ್ಯ ಮಾಡಿ ಸಾಹುಕಾರರನ್ನು ಕೇಳಿದೆ, ಹೆಣ್ಮಕ್ಕಳ ಕಡೆಗೂ ಒಂದು ಧೂಳು ಎಳೆಯುವ ಫ್ಯಾನು ಹಾಕಿಸೋಣವೇ ಅಂತ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಹೆಣ್ಮಕ್ಳು ಸೆರಗು ಮುಚ್ಕೊಂತಾರ. ಮಷೀನಿಗೆ ಸೆರಗೈತೇನೋ ತಮ್ಮಾ?" ಅಂದರು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ಸಾಹುಕಾರರ ಮಾತಿಗಿಂತ ಆ ನನ್ನ ನಗೆಯೇ ಈಗಲೂ ಮೈ ಉರಿಸುತ್ತದೆ.

ಒಂದು ಮಧ್ಯಾಹ್ನ ಚಿಗವ್ವ ಗಾಜಿನ ಬಾಗಿಲ ಹತ್ತಿರ ಬಂದು ನಿಂತಳು. ಎದೆ ಏರಿಳಿಯುತ್ತಿತ್ತು. "ಉಸರು ಹತ್ತವಲ್ದಪ್ಪ. ಒಳಗ ಒಂದೀಟು ಕುಂದರ್ಲೇನು? ಏನೂ ಮುಟ್ಟಂಗಿಲ್ಲ" ಅಂದಳು. ಒಳಗೆ ಕುರ್ಚಿ ಖಾಲಿ ಇತ್ತು. ಸಾಹುಕಾರರು ಊರಲ್ಲಿರಲಿಲ್ಲ. ಆದರೂ ನಾನು ಬಾಗಿಲನ್ನು ಅರ್ಧವೇ ತೆರೆದು, "ಬ್ಯಾಡ ಚಿಗವ್ವ, ನಿನ್ನ ಸೀರಿಗೆ ಧೂಳೈತಿ, ಮಷೀನ್ ಕೆಡತೈತಿ" ಅಂದೆ. ಆಕೆ ತನ್ನ ಸೀರೆಯನ್ನು ಒಮ್ಮೆ ನೋಡಿಕೊಂಡಳು. "ಹೌದು ನೋಡು" ಅಂದು ಹೋದಳು. ಆ ಸಂಜೆಯೂ ಬೆಲ್ಲ ಕೊಟ್ಟಳು.

ಮೂರು ವರ್ಷದೊಳಗೆ ಆಕೆ ತೀರಿಕೊಂಡಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಅದೇನು ಏಸಿ ಕೇಳಿರಲಿಲ್ಲ. ಧೂಳು ಕೆಟ್ಟದ್ದು ಅಂತ ನಮಗೆಲ್ಲ ಗೊತ್ತಿತ್ತಲ್ಲ, ಸಿಟ್ಟು ಅದಕ್ಕೆ. ವಾರಕ್ಕೊಮ್ಮೆ ಅದರ ಫಿಲ್ಟರ್ ಬಿಚ್ಚಿ, ಕುಂಚದಿಂದ ಕೂಸಿನ ಮೈ ಒರೆಸಿದ ಹಾಗೆ ಒರೆಸುತ್ತಿದ್ದೆ. ಆರು ಹೆಂಗಸರ ಎದೆ ಹೇಗಿದೆ ಅಂತ ಒಬ್ಬನೂ ಕೇಳಲಿಲ್ಲ. ಕೊನೆಗೆ ಆ ಯಂತ್ರವೂ ಹಳತಾಯಿತು. ಮಿಲ್ಲಿನ ಹಿಂದೆ ಬಿಸಾಕಿದರು. ತಾಮ್ರಕ್ಕಾಗಿ ಯಾರೋ ಅದರ ವಯರು ಸುಟ್ಟರು, ಹೊಗೆ ಹೋಗಿ ಮತ್ತೆ ಅದೇ ತೌಡಿನ ಕಟ್ಟೆಯ ಮೇಲೆ ಕೂತಿತು. ಥೂ, ನಮ್ಮ ಜನ್ಮಕ್ಕಿಷ್ಟು.

"ಹದಿನಾಲ್ಕನೇ ನಂಬರ್" ಅಂತ ಕರೆದರು. ಅದು ನನ್ನದು. ಎದ್ದು ಗಾಜಿನ ಬಾಗಿಲು ತೆರೆದೆ. ಒಳಗೊಂದು ಸಣ್ಣ ಕೋಣೆ, ನಾಲ್ಕು ಕುರ್ಚಿ, ಎಲ್ಲವೂ ಖಾಲಿ. ಯಂತ್ರವಿದ್ದದ್ದು ಅದರಾಚೆಯ ಇನ್ನೊಂದು ಬಾಗಿಲೊಳಗೆ. ತಿರುಗಿ ನೋಡಿದರೆ ವರಾಂಡದಲ್ಲಿ, ಏಸಿಯ ಬಿಸಿಗಾಳಿಗೆ ಮುಖ ಕೊಟ್ಟು, ಯಲಬುರ್ಗಾ ಕಡೆಯಿಂದ ಬಂದ ಮುದುಕಿಯೊಬ್ಬಳು ನೆಲದ ಮೇಲೆ ಕೂತು ಕೆಮ್ಮುತ್ತಿದ್ದಳು.

"ಅವ್ವಾ, ಒಳಗ ಬರ್ರಿ. ತಂಪೈತಿ" ಅಂದೆ.

ಕೌಂಟರಿನ ಹೆಣ್ಣುಮಗಳು ತಲೆ ಎತ್ತಿದಳು. "ಸರ್, ಬಾಗಲಾ ಹಾಕ್ರಿ, ಧೂಳು ಹೊಕ್ಕೈತಿ. ಅವರ ನಂಬರ್ ಇನ್ನೂ ಬಂದಿಲ್ಲ."

"ಹೋಗ್ಲಿ ಬಿಡ್ರಿ. ನಾ ಒರಸ್ತೀನಿ. ನನಗ ಆ ಕೆಲಸ ಬರ್ತೈತಿ."

ಮುದುಕಿ ಗೋಡೆ ಹಿಡಿದು ಎದ್ದು ಹೊಸ್ತಿಲ ತನಕ ಬಂದು ನಿಂತಳು. ಸೀರೆಯ ನೆರಿಗೆ ಕೊಡವುತ್ತ, "ಬ್ಯಾಡ ಬಿಡಪ್ಪ, ನನ್ನ ಸೀರಿಗೆ ಧೂಳೈತಿ" ಅಂದಳು.

ನಾನು ಬಾಗಿಲನ್ನು ಪೂರಾ ತೆರೆದು ಹಿಡಿದೆ. ಆಕೆ ಒಳಗೆ ಬಂದು ಕುರ್ಚಿಯಲ್ಲಿ ಕೂರುವ ತನಕ ಬಿಡಲಿಲ್ಲ.