ಹಳದಿಯ ಅಂಜಿಕೆಗೊಂದು ಗ್ರೀಕ್ ಹೆಸರು

ಹಳದಿ ಬಣ್ಣ ಕಂಡರೆ ನನಗೆ ಜೀವ ಹೋದಂತಾಗುತ್ತಿತ್ತು. ಕತ್ತಲಿಗೆ ಅಂಜುವವರನ್ನು, ಹಾವಿಗೆ ಅಂಜುವವರನ್ನು ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಹಳದಿಗೆ ಅಂಜುವ ಹುಡುಗಿ ಮಾತ್ರ ಸವದತ್ತಿಯಲ್ಲಿ ಹುಟ್ಟಬಾರದಿತ್ತು. ಗುಡ್ಡದ ದೇವಿಯ ಅರಿಷಿಣದ ಪುಡಿ, ಅಂದರೆ ಭಂಡಾರ, ನಮ್ಮೂರಲ್ಲಿ ಹಣೆಯ ಮೇಲೆ, ಹೊಸ್ತಿಲ ಮೇಲೆ, ಬಸ್ಸಿನ ಸೀಟಿನ ಮೇಲೆ ಕೂಡ ಇರುತ್ತದೆ. ಅದನ್ನು ಕಂಡರೆ ಎದೆ ಡವಡವ, ಅಂಗೈ ಒದ್ದೆ, ಗಂಟಲು ಒಣಗಿ ಉಸಿರು ಸಿಕ್ಕಿಕೊಳ್ಳುವುದು. ಎಲ್ಲಿಂದ ಬಂತು ಈ ಅಂಜಿಕೆ? ನನಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜಿಗೆ ಮಾತ್ರ ಗೊತ್ತಿತ್ತು. "ದೇವಿ ಸಿಟ್ಟಾಗ್ಯಾಳ. ಹುಡುಗಿಗೆ ಭಂಡಾರ ಹಚ್ರಿ," ಅಂದಳು. ದಿನಾ ಮುಂಜಾನೆ ಹಚ್ಚಿದರು. ನಾನು ಚೀರಿದಷ್ಟೂ ದೇವಿಯ ಸಿಟ್ಟು ಇಳಿದಿಲ್ಲವೆಂದು ಇನ್ನಷ್ಟು ಹಚ್ಚಿದರು. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ನನ್ನ ಮದುವೆ ಬೈಲಹೊಂಗಲದಲ್ಲಿ, ಗಂಡಿನ ಮನೆಯಲ್ಲೇ ಆಯಿತು. ಮದುವೆಗೆ ಮುಂಚೆ ನಮ್ಮ ಕಡೆ ಸುರಗಿ ಎಂಬ ಶಾಸ್ತ್ರವಿದೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ಸುತ್ತಲೂ ನೂಲು ಸುತ್ತುತ್ತಾರೆ. ನಡುವೆ ಮದುಮಗಳನ್ನೂ ಅವಳ ತಾಯಿಯನ್ನೂ ಕೂರಿಸಿ, ಅರಿಷಿಣ ಹಚ್ಚಿ, ನೀರು ಹಾಕುತ್ತಾರೆ. ನೂಲು ಬಿಚ್ಚುವ ತನಕ ಏಳುವಂತಿಲ್ಲ. ನಾನು ಕೂತೆ, ಯಾರದೋ ಹಳದಿ ಕೈ ಮುಖದತ್ತ ಬಂತು, ಅಷ್ಟೇ ನೆನಪು. ಎಚ್ಚರವಾದಾಗ ಹೆಂಗಸರೆಲ್ಲ ನನ್ನ ಕಾಲಿಗೆ ಬೀಳುತ್ತಿದ್ದರು. ಎಲ್ಲರಿಗಿಂತ ಮುಂದೆ ನನ್ನ ಅತ್ತೆ. "ಮೈಮ್ಯಾಲ ದೇವಿ ಬಂದಾಳ!" ಎಂದು ಹಣೆಗೆ ಮುಷ್ಟಿಗಟ್ಟಲೆ ಭಂಡಾರ ಬಳಿದರು. ನಾನು ಮತ್ತೆ ಮೂರ್ಛೆ ಹೋದೆ. ದೇವಿ ಮತ್ತೆ ಬಂದಳೆಂದು ಇನ್ನೊಮ್ಮೆ ಕಾಲಿಗೆ ಬಿದ್ದರು.

ಆಮೇಲೆ ಓಣಿಯಲ್ಲಿ ನನಗೆ ಬೇರೆಯೇ ಮರ್ಯಾದೆ. ಎಮ್ಮೆ ಕಳೆದುಕೊಂಡವರು, ಮಗನಿಗೆ ಹೆಣ್ಣು ಸಿಗದವರು ಬಂದು, "ಏನರ ಹೇಳ್ರಿ ಅಕ್ಕಾರ" ಎಂದು ಕೂರುವರು. ನನಗಿರುವುದು ಬರೀ ಅಂಜಿಕೆ ಎಂದರೆ, ದೇವಿಯೇ ಹಾಗೆ ಮಾತಾಡಿಸುತ್ತಾಳೆ ಅನ್ನುವರು. ಯಾರ ಮನೆಯ ಅರಿಷಿಣದ ಶಾಸ್ತ್ರಕ್ಕೂ ನಾನು ಹೋಗುತ್ತಿರಲಿಲ್ಲ. "ದೇವಿ ಇದ್ದೋರು, ಎಲ್ಲಾ ಕಡೆ ಬರಂಗಿಲ್ಲ," ಎಂದು ಅತ್ತೆ ಜಂಬದಿಂದ ಹೇಳುವರು. ಬೇಳೆಗೆ ಖಾರ ಸುರಿದು ಕೆಂಪು ಮಾಡಿಕೊಂಡು, ಸೂರ್ಯಕಾಂತಿ ಹೊಲ ಬಂದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ದಿನ ದೂಡಿದೆ.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ವರ ಸುರೇಬಾನದವನು. ಒಂದು ಸಂಜೆ ಮಗಳು ಪಕ್ಕಕ್ಕೆ ಬಂದು ಕೂತಳು. "ಅವ್ವಾ, ಸುರಗ್ಯಾಗ ಮದಲನೇ ಅರಿಷಿಣ ನೀನ ಹಚ್ಚಬೇಕು. ಕಣ್ಣ ತಗದು ಹಚ್ಚಬೇಕು. ನನ್ನ ಮದಿವ್ಯಾಗ ನೀ ದೇವಿ ಆಗಬ್ಯಾಡ, ನನ್ನ ಅವ್ವ ಆಗು," ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಬಿದ್ದರೆ ಜನ ಮದುಮಗಳನ್ನು ಬಿಟ್ಟು ನನ್ನನ್ನು ಸುತ್ತುವರಿಯುತ್ತಾರೆ. ಅವಳ ಸುರಗಿ ಅವಳಿಗೆ ಸಿಗುವುದಿಲ್ಲ.

ಅವಳೇ ಮೊಬೈಲು ತೆಗೆದು ಹುಡುಕಿದಳು. "ಇದಕ್ಕ ಹೆಸರ ಐತಿ ನೋಡವ್ವಾ. ಕ್ಸಾಂಥೋಫೋಬಿಯಾ." ಗ್ರೀಕಿನಲ್ಲಿ ಕ್ಸಾಂಥೋಸ್ ಅಂದರೆ ಹಳದಿ, ಫೋಬೋಸ್ ಅಂದರೆ ಭಯ. ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ನೋಡಿದೆ. ಹೆಸರಿದೆ ಎಂದರೆ ನನ್ನಂಥವರು ಇನ್ನೂ ಇದ್ದಾರೆ. ಎಲ್ಲೋ ಒಬ್ಬಾಕೆ ನಿಂಬೆಹಣ್ಣು ಕಂಡು ಬೆವರುತ್ತಿದ್ದಾಳೆ. ಎಷ್ಟು ಹಗುರಾಯಿತು! ಇಂಥ ಹೆಸರುಗಳನ್ನು ಹಳೆಯ ಗ್ರೀಕರೇ ಇಟ್ಟದ್ದಲ್ಲವಂತೆ, ಹೆಚ್ಚಿನವನ್ನು ಈಚಿನವರು ಅವರ ಮಾತುಗಳನ್ನು ತಂದು ಜೋಡಿಸಿದ್ದಂತೆ. ಇರಲಿ, ನನಗೆ ಅಷ್ಟು ಸಾಕಿತ್ತು.

ಇಂಥ ಹೆಸರುಗಳು ಇನ್ನೂ ಬೇಕಾದಷ್ಟಿದ್ದವು. ಪೋಗೋನ್ ಅಂದರೆ ಗಡ್ಡ. ಪೋಗೋನೋಫೋಬಿಯಾ ಇದ್ದವರು ನಮ್ಮ ಮಠಗಳ ಕಡೆ ಸುಳಿಯುವಂತಿಲ್ಲ. ಗೆಫಿರಾ ಅಂದರೆ ಸೇತುವೆ. ಗೆಫಿರೋಫೋಬಿಯಾದವರಿಗೆ ಮನೋಳಿಯಲ್ಲಿ ಹೊಳೆ ದಾಟುವುದು ಕಷ್ಟ. ಖಿಯೋನ್ ಅಂದರೆ ಹಿಮ. ಹಿಮಕ್ಕೆ ಅಂಜುವವರು ರಾಮದುರ್ಗದಲ್ಲಿ ಹುಟ್ಟಿದರೆ, ಆ ಅಂಜಿಕೆ ತಮಗಿದೆ ಎಂಬುದೇ ಗೊತ್ತಾಗದೆ ನೂರು ವರ್ಷ ಬಾಳಬಹುದು. ದೇವರು ನನಗೆ ಅದನ್ನಾದರೂ ಕೊಡಬಾರದಿತ್ತೇ? ಪೆಂಥೆರಾ ಅಂದರೆ ಅತ್ತೆ. ಪೆಂಥೆರಾಫೋಬಿಯಾ ಎಂದು ಓದಿ ಇಬ್ಬರೂ ಒಟ್ಟಿಗೇ ಅಡುಗೆಮನೆಯತ್ತ ನೋಡಿದೆವು. ಅಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮರುದಿನದಿಂದ ಅಭ್ಯಾಸ. ಮಗಳು ಮೊದಲು ಕಡಲೆಹಿಟ್ಟು ಮುಂದಿಟ್ಟಳು. ಕೆಲವು ದಿನ ಬಿಟ್ಟು ಸೇವಂತಿಗೆ, ಆಮೇಲೆ ಅರಿಷಿಣದ ಕೊಂಬು. ಎದೆ ಹಾರಿದರೆ ಓಡದೆ ಕೂತಿರಬೇಕು, ಅದು ತಾನೇ ಹಾರಿ ಹಾರಿ ದಣಿಯುವ ತನಕ. ಅಜ್ಜಿಯೂ ಇದನ್ನೇ ಮಾಡಿದ್ದಳಲ್ಲ ಅನ್ನಿಸಿತು. ಆದರೆ ಈಗ ಸಾಕು ಎನ್ನುವ ಅಧಿಕಾರ ನನ್ನ ಕೈಯಲ್ಲಿತ್ತು. ಕಲಸಿದ ಅರಿಷಿಣಕ್ಕೆ ಕೈ ಹಾಕಲು ಮಾತ್ರ ಆಗಲೇ ಇಲ್ಲ. ಅಷ್ಟರಲ್ಲಿ ಮದುವೆ ಬಂದೇ ಬಿಟ್ಟಿತು.

ಸುರಗಿಯ ಮುಂಜಾನೆ ಅತ್ತೆಯನ್ನು ಒಳಗೆ ಕರೆದೆ. "ಅತ್ತಿ, ನನ್ನ ಮೈಮ್ಯಾಲ ಯಾವ ದೇವಿನೂ ಬಂದಿಲ್ರಿ. ನನಗ ಹಳದಿ ಕಂಡ್ರ ಅಂಜಿಕಿ. ಇವತ್ತ ನಾ ಬಿದ್ರ ಭಂಡಾರ ತರಬ್ಯಾಡ್ರಿ, ನೀರ ಕೊಡ್ರಿ."

"ಹಂಗಂದ್ರ ಅವತ್ತ ನಾ ನಿನ್ನ ಕಾಲಿಗೆ ಬಿದ್ದದ್ದು ದಂಡ ಆತೇನು?" ಅಂದರು ಅತ್ತೆ. ಆಮೇಲೆ ಸೆರಗು ಸರಿಮಾಡಿಕೊಂಡರು. "ದೇವಿ ಆಗಿದ್ರ ಆಕಿ ನೋಡ್ಕೋತಿದ್ಲು. ಅಂಜಿಕಿ ಅಂದ್ರ ನಾನ ಹಿಂದ ಕುಂದ್ರಬೇಕಾತಲ್ಲ. ನಡಿ."

ನೂಲು ಸುತ್ತಿದರು. ಮುಂದೆ ಮಗಳು, ಬೆನ್ನಿಗೆ ಅತ್ತೆಯ ಮೊಣಕಾಲು, ಪಕ್ಕದಲ್ಲಿ ಬಟ್ಟಲು ತುಂಬ ಅರಿಷಿಣ. ಸೋಬಾನೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾಗಿ ನನ್ನನ್ನೇ ನೋಡತೊಡಗಿದರು. ಒಬ್ಬಾಕೆ ಆಗಲೇ ಕೈ ಮುಗಿದು ನಿಂತಿದ್ದಳು. ಕಿವಿ ಗುಂಯ್ ಎಂದಿತು. ಬಟ್ಟಲಿಗೆ ಕೈ ಹಾಕಿದೆ. ತಣ್ಣಗಿತ್ತು. ಹುಟ್ಟಿದಾಗಿನಿಂದ ಅಂಜಿದ್ದು ಇಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಕಣ್ಣ ತಗದೀ ಏನವ್ವಾ?" ಮಗಳು ಕೇಳಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದವಳು ಅವಳೇ.

"ತಗದೇನಿ," ಅಂದೆ.

ಅವಳ ಹಣೆಗೆ ಹಚ್ಚಿದೆ, ಕೆನ್ನೆಗೆ ಹಚ್ಚಿದೆ, ಕೊರಳಿಗೆ ಹಚ್ಚಿದೆ. ಕೈಯಲ್ಲಿ ಉಳಿದದ್ದನ್ನು ನನ್ನ ಎರಡೂ ಕೆನ್ನೆಗೆ ಬಳಿದುಕೊಂಡೆ. ಬೀಳಲಿಲ್ಲ. ಗೆದ್ದೆ ಎಂಬ ಸಂತೋಷಕ್ಕೆ ಕೂತಲ್ಲೇ ಕುಣಿಯಬೇಕೆನಿಸಿತು. ಹೆಂಗಸರು ಇನ್ನೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಯಾಕ ಸುಮ್ಮನಾದ್ರಿ?" ಎಂದೆ. "ನನ್ನ ಮಗಳ ಸುರಗಿ ಐತಿ. ಹಾಡ್ರಿ!"