ಮುಖ ಬಿಟ್ಟು ಎರೆದವರು

ಅತ್ತೆಯ ಅಂಗೈ ಎಣ್ಣೆ ಕುಡಿದ ಹಳೆಯ ಮಣೆಯಷ್ಟು ನುಣುಪಾಗಿತ್ತು. ಸೊರಬದ ಅವರ ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ಎರೆಯಲು ಅವರನ್ನೇ ಕರೆಯುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆಹಿಟ್ಟಿನ ಉಂಡೆಯಿಂದ ಹಣೆ ಕೆನ್ನೆ ಉಜ್ಜುವುದು ಅವರ ಪದ್ಧತಿ. "ನಾನು ಎರೆದ ಕೂಸಿನ ಮುಖ ನೋಡ್ರೀ, ಕನ್ನಡಿ!" ಎಂದು ಹೆಮ್ಮೆಪಡುತ್ತಿದ್ದರು.

ನನಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಶಿಕಾರಿಪುರದ ನಮ್ಮ ಬಾಡಿಗೆ ಮನೆಗೆ ಬಂದರು. ಮೂರನೇ ವಾರದಲ್ಲಿ ಮಗಳ ಕೆನ್ನೆ ತುಂಬ ಕೆಂಪು ಗುಳ್ಳೆ ಎದ್ದವು. ಅತ್ತೆ ಎಣ್ಣೆ ಹೆಚ್ಚಿಸಿದರು, ಗುಳ್ಳೆಗಳೂ ಹೆಚ್ಚಿದವು.

ಮಕ್ಕಳ ಡಾಕ್ಟರು ನೋಡಿ, "ಎಳೆಮಕ್ಕಳ ಮೊಡವೆ ಇದು. ತಾನಾಗಿ ಹೋಗುತ್ತೆ, ಕೆಲವು ವಾರ ಬೇಕು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತೆ. ಮುಖಕ್ಕೆ ಎಣ್ಣೆ, ಹಿಟ್ಟು, ಕೆನೆ ಏನೂ ಬೇಡ. ಹಿಸುಕಬೇಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಮೆತ್ತನೆ ಬಟ್ಟೆ ಒತ್ತಿ ಒರೆಸಿ, ಸಾಕು" ಎಂದರು.

ವಾಪಸು ಬಂದ ಅತ್ತೆ ಮನೆ ಮೆಟ್ಟಿಲ ಬಳಿ ನಿಂತು, "ಆಯ್ತು ಮಾರಾಯ್ತಿ. ಮುಖ ನಿನ್ನ ಡಾಕ್ಟರಿಗೆ, ಉಳಿದಿದ್ದು ನನಗೆ" ಎಂದರು.

ಕಷ್ಟವಾಗಿದ್ದು ತೊಟ್ಟಿಲಿಗೆ ಹಾಕುವ ದಿನ. ಸೊರಬದಿಂದ ಅವರ ಕೇರಿಯವರೆಲ್ಲ ಬರುವವರಿದ್ದರು. ತಾವು ಎರೆದ ಮಕ್ಕಳ ತಾಯಂದಿರ ಎದುರು ಸ್ವಂತ ಮೊಮ್ಮಗಳನ್ನೇ ಗುಳ್ಳೆ ಮುಖದಲ್ಲಿ ತೋರಿಸಬೇಕಿತ್ತು. ಬೆಳಿಗ್ಗೆ ನೋಡಿದರೆ, ಬಟ್ಟಲಲ್ಲಿ ಕಡಲೆಹಿಟ್ಟಿಗೆ ಕೆನೆ ಕಲಸಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅವರ ಬೆರಳು ಕೆನ್ನೆಯ ತನಕ ಹೋಯಿತು, ನಿಂತಿತು. ಆಮೇಲೆ ಅಷ್ಟನ್ನೂ ತಮ್ಮ ಮುಖಕ್ಕೆ ಬಳಿದುಕೊಂಡರು.

"ಕಲಸಿದ್ದು ಹಾಳಾಗಬಾರದಲ್ಲ" ಎಂದರು, ನನ್ನ ಕಡೆ ನೋಡದೆ.

ಮಧ್ಯಾಹ್ನ ಸೊರಬದ ನೆರೆಮನೆಯಾಕೆ ತೊಟ್ಟಿಲಿಗೆ ಬಗ್ಗಿ, "ಇದೇನ್ರೀ, ಕೂಸಿಗಿಂತ ಅಜ್ಜಿ ಮುಖವೇ ಹೊಳೀತದೆ!" ಎಂದಳು.

"ನಿನಗೆ ಹದಿನಾರಕ್ಕೆ ಬಂದ ಮೊಡವೆ ನನ್ನ ಮೊಮ್ಮಗಳಿಗೆ ತೊಟ್ಟಿಲಲ್ಲೇ ಬಂದಿದೆ. ಚುರುಕು ಅವಳು" ಎಂದರು ಅತ್ತೆ. ಎಲ್ಲರೂ ನಕ್ಕರು. ಅವರು ಮಾತ್ರ ಯಾರ ಕೈಯೂ ಆ ಕೆನ್ನೆಗೆ ತಾಗದಂತೆ ಸಂಜೆಯವರೆಗೂ ತೊಟ್ಟಿಲ ಪಕ್ಕ ಬಿಟ್ಟು ಏಳಲಿಲ್ಲ.

ಮಗುವಿನ ಮುಖ ತಿಳಿಯಾದ ಮೇಲೂ ಅತ್ತೆ ಅದಕ್ಕೆ ಅಂಗೈ ತಾಗಿಸಲಿಲ್ಲ. "ಇದರಲ್ಲಿ ಎಣ್ಣೆ ಇಂಗಿಬಿಟ್ಟಿದೆ ಕಣೇ" ಎನ್ನುತ್ತ, ಬೆರಳ ಹಿಂಬದಿಯಿಂದ ಒಮ್ಮೆ ಸವರಿ ಕೈ ಹಿಂದೆಗೆಯುತ್ತಿದ್ದರು.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಮಗಳಿಗೀಗ ಹನ್ನೆರಡು, ಹಣೆಯಲ್ಲಿ ಮೊಡವೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಕನ್ನಡಿ ಮುಂದೆ ಮುಖ ಸಿಂಡರಿಸುತ್ತಾಳೆ. ಮೊನ್ನೆ ನನಗರಿವಿಲ್ಲದೆ ಬೆರಳ ಹಿಂಬದಿಯಿಂದ ಅವಳ ಕೆನ್ನೆ ಸವರಿದೆ.

"ಜ್ವರ ಇಲ್ಲಮ್ಮ ನಂಗೆ."

"ನಿನ್ನಜ್ಜಿ ಹೀಗೆ ಮುಟ್ಟುತ್ತಿದ್ದರು."

ಅವಳು ಕನ್ನಡಿ ಬಿಟ್ಟು ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಮುಟ್ಟು" ಎಂದು ಕಣ್ಣು ಮುಚ್ಚಿದಳು. ಮುಟ್ಟಿದೆ. ಕೊಬ್ಬರಿ ಎಣ್ಣೆಯ ಆ ವಾಸನೆಯೊಂದು ಇರಲಿಲ್ಲ.