ಮಾವನ ಎಡಗೈ

ಇಂಥದನ್ನೆಲ್ಲ ನಂಬುವ ಪೈಕಿ ನಾನಲ್ಲ. ಗೆಳೆಯರು ಯಾರಾದರೂ ದೆವ್ವ ಕಂಡೆ ಅಂದರೆ ಮೊದಲು ಆ ದೆವ್ವದ ದನಿ ಮಾಡುತ್ತಿದ್ದೆ, ಆಮೇಲೆ ಅದನ್ನು ಕಂಡವನ ಮುಖ ಮಾಡುತ್ತಿದ್ದೆ. ಅಲ್ಲಿಗೆ ಅವನ ಭಯವೂ ಹಾಳು, ಕಥೆಯೂ ಹಾಳು. ಮಿಮಿಕ್ರಿ ನನ್ನ ಚಟ. ಮದುವೆ ರಿಸೆಪ್ಷನ್ನುಗಳಲ್ಲಿ ಆರ್ಕೆಸ್ಟ್ರಾದವರು ಟೀ ಕುಡಿಯುವ ಹೊತ್ತಿಗೆ ನನ್ನನ್ನು ಸ್ಟೇಜಿಗೆ ಬಿಡುತ್ತಾರೆ. ಶಿವಮೊಗ್ಗದ ವಿದ್ಯಾನಗರದ ನಮ್ಮ ಬೀದಿಯಲ್ಲಿ ನನ್ನ ಬಾಯಿಗೆ ಬೀಳದವರಿಲ್ಲ. ನನ್ನನ್ನೂ ಬಿಟ್ಟಿಲ್ಲ, ಹೆಣ್ಣು ನೋಡಲು ಹೋದಾಗ ನಾನು ಉಪ್ಪಿಟ್ಟು ನುಂಗುವ ಪರಿಯೇ ನನ್ನ ಹಿಟ್ ಐಟಂ. ಹಾಗಾಗಿ ಮುಂದಿನದನ್ನು ಓದಿ ನೀವು 'ಬಿಡ್ತಾನೆ ಇವ್ನು' ಅಂದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ, ಅದೂ ನಿಮ್ಮದೇ ದನಿಯಲ್ಲಿ.

ಚನ್ನಬಸಪ್ಪ ಅಮ್ಮನ ಅಣ್ಣ, ನನ್ನ ಸೋದರಮಾವ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ವಾಸ. ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾಗಿ, ಊಟಕ್ಕೆ ಕೂತು ಉಪ್ಪು ಕೇಳಿದರೂ ಪಕ್ಕದ ಬ್ಲಾಕಿನವರು ಉಪ್ಪು ತರಬೇಕು, ಹಾಗಿತ್ತು ಗಂಟಲು. ಕಾರ್ಖಾನೆ ನಿಂತ ಮೇಲೆ ಅವರನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ನಮ್ಮ ನೆಂಟರ ಮದುವೆಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಕೈತೊಳೆಯುವ ನಲ್ಲಿ ಪಕ್ಕದ ಕುರ್ಚಿ. ಊಟದ ನಡುವೆಯೇ 'ಸ್ವಲ್ಪ ಸರೀರಿ' ಅಂತ ಬಾಯಿ ಮುಕ್ಕಳಿಸುವವರು ಬೇರೆ.

ಅಂಥ ಮಾವನ ಎಡಗೈ ಒಂದು ಶ್ರಾವಣದಲ್ಲಿ ನಡುಗತೊಡಗಿತು. ನಮ್ಮ ಮನೆಗಳಲ್ಲಿ ದಿನಾ ಇಷ್ಟಲಿಂಗ ಪೂಜೆ ಉಂಟು. ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈ ಮೇಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ದಿಟ್ಟಿಸಿ ಕೂರುವುದು. ಮಾವ ಹಾಗೆ ಕೂತು ಸ್ವಲ್ಪ ಹೊತ್ತಿಗೆ ಅಂಗೈ ಅದುರುತ್ತಿತ್ತು. ಗಾಳಿಯಿಲ್ಲದೆ ಬಿಲ್ವಪತ್ರೆ ಅಲ್ಲಾಡುತ್ತಿತ್ತು. ನೀಲಮ್ಮತ್ತೆ ಇದನ್ನು ನೋಡಿದರು. ಅತ್ತೆ ನೋಡಿದರೆ ಇಡೀ ಭದ್ರಾವತಿ ನೋಡಿದಂತೆಯೇ.

'ಲಿಂಗಕ್ಕೆ ಕಳೆ ಬಂದಿದೆ' ಅಂತ ಸುದ್ದಿಯಾಯಿತು. ಮಲವಗೊಪ್ಪದಿಂದ, ಶಿವಮೊಗ್ಗದಿಂದ ಜನ ಬರತೊಡಗಿದರು. ನಲ್ಲಿ ಪಕ್ಕ ಕೂರಿಸಿದ್ದವರೇ ಬಂದು ಕಾಲಿಗೆ ಬಿದ್ದರು. ಮಾವನ ದನಿ ತಗ್ಗಿತ್ತು. 'ಮೌನಕ್ಕೆ ಹತ್ತಿರ ಆಗ್ತಿದಾರೆ' ಅಂದರು. ಮುಖದಲ್ಲಿ ನಗು ಸಿಟ್ಟು ಒಂದೂ ಮೂಡುತ್ತಿರಲಿಲ್ಲ, 'ವೈರಾಗ್ಯ' ಅಂದರು. ಪುಟ್ಟ ಪುಟ್ಟ ಹೆಜ್ಜೆ ಎಳೆದು ನಡೆಯುತ್ತಿದ್ದರು. 'ಇರುವೆ ತುಳಿದೇನು ಅಂತ ಎಷ್ಟು ಜಾಗ್ರತೆ ನೋಡಿ' ಅಂದರು. ಬಚ್ಚಲಲ್ಲಿ ತಿರುಗುವಾಗ ಹಿಂದಕ್ಕೆ ಬಿದ್ದು ತಲೆ ಒಡೆದುಕೊಂಡಿರದಿದ್ದರೆ ಅದಕ್ಕೂ ಏನೋ ಒಂದು ಅಂದಿರುತ್ತಿದ್ದರು. ಅವತ್ತು ರಕ್ತ ಬಂತು ನೋಡಿ, ಯಾರಿಗೂ ಏನೂ ಹೊಳೆಯಲಿಲ್ಲ.

ಶಿವಮೊಗ್ಗದಲ್ಲಿ ತಲೆಗೆ ಹೊಲಿಗೆ ಹಾಕಿದವರು ನರರೋಗದ ಡಾಕ್ಟರ ಹತ್ತಿರ ಕಳಿಸಿದರು. ಜೊತೆಗೆ ಹೋದವನು ನಾನು. ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು, ಚುರುಕು. ಬೆರಳು ಬೆರಳಿಗೆ ತಟ್ಟಿಸಿದರು, ಮೊಣಕೈ ಹಿಡಿದು ಬಗ್ಗಿಸಿ ಬಿಡಿಸಿದರು, ನಡೆಯಿರಿ ಅಂದರು. ಮಾವ ಡಾಕ್ಟರ ಮುಂದೆ ಮರ್ಯಾದೆ ಪ್ರಶ್ನೆ ಅಂತ ಪರೇಡಿನವರ ಹಾಗೆ ನಡೆದುಬಿಟ್ಟರು.

"ಮನೇಲೂ ಹೀಗೇ ನಡೀತಾರಾ?" ಅಂದರು ಡಾಕ್ಟರು.

ನಾನು ಎದ್ದು ಮಾಡಿ ತೋರಿಸಿದೆ. ಎಡಗೈ ಬೀಸದೆ ಮೈಗೆ ಅಂಟಿಸಿ, ಮುಂದೆ ಬಾಗಿ, ಬಾಗಿಲ ಹತ್ತಿರ ಕಾಲು ನೆಲಕ್ಕೆ ಹೊಲಿದಂತೆ ನಿಂತು, ತಿರುಗಲು ಹತ್ತಾರು ಹೆಜ್ಜೆ. ಡಾಕ್ಟರು ನಗಲಿಲ್ಲ. "ಇನ್ನೊಂದ್ಸಲ ತಿರುಗಿ" ಅಂದರು. ನನ್ನ ಜೀವಮಾನದಲ್ಲಿ ಒನ್ಸ್ ಮೋರ್ ಬಂದದ್ದು ಅದೊಂದೇ ಸಲ.

ಪಾರ್ಕಿನ್ಸನ್ ಕಾಯಿಲೆ ಅಂದರು. ಮೆದುಳಲ್ಲಿ ಚಲನೆಗೆ ಬೇಕಾದ ಒಂದು ರಸ ಕಡಿಮೆಯಾಗಿದೆ, ಪೂರ್ತಿ ಗುಣವಾಗುವುದಿಲ್ಲ, ಮಾತ್ರೆಯಿಂದ ಚೆನ್ನಾಗಿ ಬದುಕಬಹುದು, ಆದರೆ ಹೊತ್ತು ತಪ್ಪಿಸಬಾರದು, ತಾವಾಗಿ ನಿಲ್ಲಿಸಲೇಬಾರದು, ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು ಅಂತ ಒತ್ತಿ ಹೇಳಿದರು. ಮಾವ ಕೇಳಿದ್ದು ಒಂದೇ: "ಕೈ ನಿಂತುಬಿಡುತ್ತಾ?"

ನಿಂತಿತು. ಕೆಲವೇ ವಾರಗಳಲ್ಲಿ ಮಾವ ಒಬ್ಬರೇ ಶರಟಿನ ಗುಂಡಿ ಹಾಕಿಕೊಂಡರು, ಹಾಲಿನಂಗಡಿಗೆ ನಡೆದು ಹೋಗಿ ಬಂದರು. ಅಂಗೈ ಮೇಲಿನ ಪತ್ರೆ ಕಲ್ಲಿನ ಮೇಲಿಟ್ಟ ಹಾಗೆ ಕೂತಿತು. ಜನ ಬಂದರು, ನೋಡಿದರು, ಕಾಫಿ ಕುಡಿದರು, ಹೋದರು. 'ಇಂಗ್ಲಿಷ್ ಔಷಧಿ ತಗೊಂಡು ಕಳೆ ಕಳ್ಕೊಂಡ್ರು' ಅಂತ ಒಬ್ಬ ಮುದುಕಿ ಅವರೆದುರೇ ಅಂದಳು. ಮುಂದಿನ ಮದುವೆಯಲ್ಲಿ ಮಾವ ಮತ್ತೆ ನಲ್ಲಿ ಪಕ್ಕ. ಕೈ ನಡುಗುವಾಗ ದೇವರು, ನಡುಕ ನಿಲ್ಲುತ್ತಿದ್ದಂತೆ ಬರೀ ಚನ್ನಬಸಪ್ಪ. ನೆಂಟರೆಲ್ಲರ ದನಿ ನನಗೆ ಬರುತ್ತೆ, ಅವತ್ತು ಮಾತ್ರ ಒಂದೂ ಮಾಡಬೇಕು ಅನ್ನಿಸಲಿಲ್ಲ.

ಆಮೇಲೆ ಒಂದು ಸೋಮವಾರ ಮಲವಗೊಪ್ಪದ ಅಡಿಕೆ ಮಂಡಿಯವರ ಕುಟುಂಬ ಸಂಜೆ ಪೂಜೆಗೆ ಬರುತ್ತೇವೆ ಅಂತ ಹೇಳಿ ಕಳಿಸಿತು. ಕಳೆ ಹೋದ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ನಾನು ಮಧ್ಯಾಹ್ನವೇ ಹೋಗಿದ್ದೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಎರಡು ಹೊತ್ತು ಮಾತ್ರೆ ತಪ್ಪಿದ್ರೆ ಏನು ಆಕಾಶ ಬೀಳುತ್ತಾ ಮಾರಾಯ? ದೊಡ್ಡ ಮನೆಯವ್ರು" ಅಂದರು. ಮಾವ ಬಾಗಿಲಲ್ಲಿ ನಿಂತಿದ್ದರು. ಬೇಡ ಅನ್ನಲಿಲ್ಲ. ಕೆಲಸ ಕೇಳಲು ಬಂದವರ ಹಾಗೆ ನನ್ನ ಮುಖ ನೋಡುತ್ತಿದ್ದರು.

ನಾನು ಮಾತ್ರೆ ತೆಗೆದು ಅವರ ಬಾಯಿಗೇ ಹಾಕಿ, ನೀರು ಕುಡಿಸಿ, ಬಾಯಿ ತೆರೆಸಿ ನೋಡಿದೆ. "ಪೊಲೀಸ್ ನೀನು" ಅಂದರು. ಅಷ್ಟೇ.

ಸಂಜೆ ಹಾಲ್ ತುಂಬ ಜನ. ಮಾವ ಅಡುಗೆಮನೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಬಾಗಿಲಿಗೆ ದಪ್ಪ ಪರದೆ. ಅದರ ಅಂಚಿನ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಅವರ ಕತ್ತು, ಎಡಗೈ, ಎದುರು ಕೂತ ಒಂದಿಷ್ಟು ಜನ. ಅತ್ತೆ ಹಾಲ್‌ನಲ್ಲೇ ಇದ್ದರು. ಒಳಗೆ ನಾನೊಬ್ಬನೇ, ಕಾಫಿಗೆ ಹಾಲು ಕಾಯಿಸುತ್ತಾ.

ಕೈ ಅಲ್ಲಾಡಲಿಲ್ಲ. ಕಾದರು. ಯಾರೋ ಗಂಟಲು ಸರಿ ಮಾಡಿಕೊಂಡರು. ಒಬ್ಬ ಹೆಂಗಸು "ಎಲ್ಲೇ?" ಅಂದಳು. "ಇರೇ, ಡ್ಯೂಟಿಗೆ ಬರೋದು ಲೇಟಾಗಿರ್ಬೇಕು" ಅಂತ ಗಂಡಸಿನ ದನಿ, ಕಿಸಕ್ಕನೆ ನಗು. ಮಾವನ ಕತ್ತಿನ ಹಿಂದೆ ಬೆವರು ಇಳಿಯಿತು.

ಯಾಕೆ ಮಾಡಿದೆನೋ ಗೊತ್ತಿಲ್ಲ. ಯಾರನ್ನು ನೋಡಿದರೂ ಅವರಂತೆ ಆಡುವ ಮೈ ನನ್ನದು. ಒಲೆ ಮುಂದೆ ನಿಂತಲ್ಲೇ ಎಡಗೈ ಚಾಚಿ ಮಾವನ ಹಳೆಯ ನಡುಕ ಮಾಡಿದೆ. ಹೆಬ್ಬೆರಳು ಮೊದಲು, ಆಮೇಲೆ ಅಂಗೈ.

"ಬಂತು!" ಅಂತ ಹಾಲ್‌ನಲ್ಲಿ ಅತ್ತೆ ಕೂಗಿದರು.

ಸಂದಿಯಿಂದ ನೋಡಿದೆ. ಮಾವನ ಕೈ ನಡುಗುತ್ತಿತ್ತು. ನನ್ನ ಕೈ ನಿಂತಿತು, ಅವರದೂ ನಿಂತಿತು. ಕಾಕತಾಳೀಯ ಅಂದುಕೊಂಡೆ. ಮತ್ತೆ ಮಾಡಿದೆ, ಪತ್ರೆ ಅಲ್ಲಾಡಿತು. ನಿಲ್ಲಿಸಿದೆ, ನಿಂತಿತು. ಬೇಕೆಂದೇ ಒಮ್ಮೆ ಜೋರಾಗಿ, ಒಮ್ಮೆ ತಡೆತಡೆದು ಮಾಡಿದೆ. ಹಾಗೆಯೇ ಬಂತು. ಅವರ ಬೆನ್ನು ನನಗೆ, ನಡುವೆ ಪರದೆ, ಗೋಡೆಯಲ್ಲಿ ಕನ್ನಡಿಯಿಲ್ಲ. ಹಾಲು ಉಕ್ಕಿ ಒಲೆ ಆರಿತು, ನೋಡಲಿಲ್ಲ.

ಹೊರಗೆ ಜನ ಕೈ ಮುಗಿದು ಕೂತಿದ್ದರು. ಮಂಡಿಯ ಯಜಮಾನ ಕಾಲಿಗೆ ಬೀಳಲು ಮುಂದೆ ಸರಿಯುತ್ತಿದ್ದ. ನಾನು ಮುಂದುವರಿಸಿದರೆ ನಾಳೆಯಿಂದ ಈ ಮನೆ ಮತ್ತೆ ತುಂಬುತ್ತೆ, ಮಾತ್ರೆ ಕಸದ ಬುಟ್ಟಿಗೆ ಹೋಗುತ್ತೆ. ನಿಲ್ಲಿಸಿದರೆ, ಈಗಲೇ, ಇಷ್ಟು ಜನರೆದುರು, ಮಾವ ಕಳ್ಳ.

ಎಡಗೈಯನ್ನು ಬಲಗೈಯಿಂದ ಹಿಡಿದು ಹೊಟ್ಟೆಗೆ ಒತ್ತಿಕೊಂಡೆ.

ಕೈ ನಿಂತಿತು. ಯಜಮಾನ ಅರ್ಧ ಬಾಗಿದವನು ಏನೋ ಹುಡುಕುವವನಂತೆ ನೆಲ ಸವರಿ ಎದ್ದ. "ಬೇಕಾದಾಗ ಬರುತ್ತೆ, ಬೇಕಾದಾಗ ಹೋಗುತ್ತೆ, ಕರೆಂಟಿನ ಥರ" ಅಂತ ಅದೇ ಗಂಡಸಿನ ದನಿ. ಕಾಫಿಗೂ ನಿಲ್ಲದೆ ಹೋದರು. ಅವರನ್ನು ಕಳಿಸಲು ಅತ್ತೆ ಗೇಟಿನವರೆಗೆ ಹೋದರು, ಏನೇನೋ ಸಮಜಾಯಿಷಿ ಹೇಳುತ್ತಾ.

ನಾನು ಪರದೆಯ ಹಿಂದೆಯೇ ನಿಂತಿದ್ದೆ. ಮಾವ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡರು. ತಿರುಗಲಿಲ್ಲ. ಆ ತಗ್ಗಿದ ದನಿಯಲ್ಲಿ ಹೇಳಿದರು:

"ಅವ್ರು ಏಳೋ ತನಕ ಮಾಡಬಹುದಿತ್ತು ಕಣೋ."

ಆಮೇಲೆ ಡಾಕ್ಟರನ್ನು ಕೇಳಿದ್ದೇನೆ. ನಾಲ್ಕು ಜನ ನೋಡುವಾಗ, ಮನಸ್ಸಿಗೆ ಒತ್ತಡವಾದಾಗ ಮಾತ್ರೆಯನ್ನೂ ಮೀರಿ ನಡುಕ ಬರುತ್ತೆ, ಹೋಗುತ್ತೆ ಅಂದರು. ನನ್ನ ಕೈಯ ಜೊತೆಗೇ ಬಂದದ್ದು? ನೀವೇ ಅವರ ಕೈಯನ್ನು ಅನುಸರಿಸಿರಬೇಕು, ಅಭ್ಯಾಸ ಬಲ, ಅಂದರು. ಇರಬಹುದು. ಹಾಗಾದರೆ ಮಾವ ಆಡಿದ ಮಾತು? ಅದಕ್ಕೆ ಅವರು ಮುಂದಿನ ಪೇಷಂಟನ್ನು ಕರೆದರು. ಮಾವನನ್ನೇ ಕೇಳೋಣವೆಂದರೆ, "ಯಾವ ಮಾತು?" ಅನ್ನುತ್ತಾರೆ. ಆ ಮುಖದಲ್ಲಿ ಏನೂ ಓದಲಾಗುವುದಿಲ್ಲ, ಅದೂ ಕಾಯಿಲೆಯ ಲಕ್ಷಣವಂತೆ.

ಮಾವ ಈಗಲೂ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಚೆನ್ನಾಗಿ ನಡೆಯುತ್ತಾರೆ. ಅವರನ್ನು ನೋಡಲು ಯಾರೂ ಬರುವುದಿಲ್ಲ. ನಾನು ಹೋದಾಗ, ಅತ್ತೆ ಒಳಗೆ ಹೋದ ಹೊತ್ತು ನೋಡಿ, ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ಸುಮ್ಮನೆ ನನ್ನ ಕಡೆ ನೋಡುತ್ತಾರೆ. ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕೂರುತ್ತೇನೆ.